ಅರಮನೆ ಡೈರಿಯಿಂದ ಹೆಸರಘಟ್ಟದವರೆಗೆ

1939ರಲ್ಲಿ ಮೈಸೂರಿನ ಅರಮನೆ ಡೈರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು ಹೋಲ್‌ಸ್ಟೀನ್ ಫ್ರೀಷಿಯನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ಕೈಯಾರೆ ಸೇರಿಸಿದರು. 33 ಹಸುಗಳು ಗಬ್ಬವಾದವು. ಹೋರಿಯ ಹತ್ತಿರಕ್ಕೂ ಹೋಗದೆ ಹಸು ಕರು ಹಾಕಬಲ್ಲದು ಎಂಬುದನ್ನು ಭಾರತ ಮೊದಲು ಕಂಡದ್ದು ಇಲ್ಲಿ.

ಈ ಕೆಲಸ ಮೈಸೂರಿನಲ್ಲಿ ಮೊದಲಾದದ್ದರಲ್ಲಿ ಅಚ್ಚರಿಯಿಲ್ಲ. ದನದ ತಳಿ ಕಾಯುವುದು ಇಲ್ಲಿ ರಾಜ್ಯದ ಕೆಲಸವೇ ಆಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಆಯಿತು. ಕಾವಲುಗಳಲ್ಲಿ ಮೇಯ್ದು ಬೆಳೆದ ಎತ್ತುಗಳು ಫಿರಂಗಿ ಎಳೆದವು. ಆದರೆ ಆ ಆಯ್ಕೆಯೆಲ್ಲ ನಡಿಗೆಗೆ, ಕಸುವಿಗೆ. ಹಾಲು ಕರುವಿಗೆ ಸಾಕಾದರೆ ಆಯಿತು. ಹಾಲಿನ ಚಿಂತೆ ದೊಡ್ಡದಾದದ್ದು ಪಟ್ಟಣಗಳು ಬೆಳೆದ ಮೇಲೆ. 1923ರಲ್ಲಿ ಬೆಂಗಳೂರಿನಲ್ಲಿ ಇಂಪೀರಿಯಲ್ ಪಶುಪಾಲನೆ ಮತ್ತು ಡೈರಿ ಸಂಸ್ಥೆ ಶುರುವಾಯಿತು. 1927ರಲ್ಲಿ ವಿಶ್ರಾಂತಿಗೆಂದು ಈ ಕಡೆ ಬಂದಿದ್ದ ಗಾಂಧೀಜಿ ಅಲ್ಲಿಗೆ ಹೋಗಿ ಹಸು ಸಾಕಣೆಯ ಪಾಠ ಕೇಳಿದ್ದರು.

ಮೈಸೂರಿನ ಪ್ರಯೋಗದ ಮೂರು ವರ್ಷದ ಮೇಲೆ, 1942ರಲ್ಲಿ, ಇಜ್ಜತ್‌ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ಪಿ. ಭಟ್ಟಾಚಾರ್ಯ ಅವರ ಮುಂದಾಳತ್ವದಲ್ಲಿ ಅಧ್ಯಯನ ಶುರುವಾಯಿತು. ಬೆಂಗಳೂರು, ಕಲ್ಕತ್ತ, ಪಟ್ನಾ, ಮಾಂಟ್ಗೊಮೆರಿಗಳಲ್ಲಿ ಕೇಂದ್ರಗಳು ಎದ್ದವು. ತೊಡಕು ಇದ್ದದ್ದು ವೀರ್ಯದ ಆಯುಸ್ಸಿನಲ್ಲಿ. ಅಮೆರಿಕದಲ್ಲಿ ಪಾಲ್ ಫಿಲಿಪ್ಸ್ ಮೊಟ್ಟೆಯ ಹಳದಿ ಬೆರೆಸಿ ಅದನ್ನು ಕೆಲವು ದಿನ ಉಳಿಸುವ ದಾರಿ ಕಂಡಿದ್ದರು. ಆದರೂ ಐಸಿನಲ್ಲಿಟ್ಟು ಒಯ್ಯುವ ವೀರ್ಯ ಎರಡು ಮೂರು ದಿನಕ್ಕಿಂತ ಹೆಚ್ಚು ಬಾಳುತ್ತಿರಲಿಲ್ಲ. ರಸ್ತೆಯೇ ಇಲ್ಲದ ಹಳ್ಳಿಗೆ ಅದು ತಲುಪುವುದಾದರೂ ಹೇಗೆ?

ಈ ತೊಡಕನ್ನು ಬಿಡಿಸಿದ್ದು ಒಂದು ಆಕಸ್ಮಿಕ. 1949ರಲ್ಲಿ ಲಂಡನ್ನಿನಲ್ಲಿ ಕ್ರಿಸ್ಟೋಫರ್ ಪೋಲ್ಜ್ ಮತ್ತು ಜೊತೆಗಾರರು ಹುಂಜದ ವೀರ್ಯವನ್ನು ಸಕ್ಕರೆಯ ದ್ರಾವಣದಲ್ಲಿ ಹೆಪ್ಪುಗಟ್ಟಿಸಿ ನೋಡುತ್ತಿದ್ದರು. ಒಂದು ಸೀಸೆಯ ದ್ರಾವಣದಲ್ಲಿ ಮಾತ್ರ ವೀರ್ಯಾಣುಗಳು ಬದುಕಿ ಉಳಿದವು. ಪರೀಕ್ಷಿಸಿದರೆ ಸೀಸೆಯ ಚೀಟಿ ತಪ್ಪಾಗಿತ್ತು. ಒಳಗಿದ್ದದ್ದರಲ್ಲಿ ಗ್ಲಿಸರಿನ್ ಸೇರಿತ್ತು. ಆಮೇಲೆ ಹೋರಿಯ ವೀರ್ಯಕ್ಕೂ ಅದೇ ದಾರಿ ಹಿಡಿಯಿತು. ಇಂದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿರುವ ಸಣ್ಣ ನಳಿಕೆಯ ವೀರ್ಯದಿಂದ, ಹೋರಿ ಸತ್ತು ವರ್ಷಗಳಾದ ಮೇಲೂ ಕರು ಹುಟ್ಟುತ್ತದೆ.

ಈ ಕಥೆಯಲ್ಲಿ ಡೆನ್ಮಾರ್ಕ್ ಮತ್ತೆ ಮತ್ತೆ ಬರುತ್ತದೆ. ಹಸು ದಿನ ತುಂಬುವ ಮುನ್ನ ಕಂದು ಹಾಕುವುದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು 1897ರಲ್ಲಿ ಗುರುತಿಸಿದವರು ಅಲ್ಲಿನ ಬರ್ನಾರ್ಡ್ ಬ್ಯಾಂಗ್. ಕೃತಕ ಗರ್ಭಧಾರಣೆಗೆಂದೇ ರೈತರು 1936ರಲ್ಲಿ ಸಹಕಾರ ಸಂಘ ಕಟ್ಟಿದ್ದು ಅಲ್ಲಿನ ಸ್ಯಾಮ್ಸೊ ದ್ವೀಪದಲ್ಲಿ. 1969ರಲ್ಲಿ ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿ ಹೆಪ್ಪುಗಟ್ಟಿಸಿದ ವೀರ್ಯದ ಕೇಂದ್ರ ಎದ್ದು ನಿಂತದ್ದೂ ಡೇನಿಷ್ ನೆರವಿನಿಂದಲೇ. ವೀರ್ಯ ತಯಾರಿಸುವುದರ ಜೊತೆಗೆ ತರಬೇತಿಯೂ ಅಲ್ಲಿ ನಡೆಯುತ್ತದೆ.

ಹಾಲಿನ ಲೆಕ್ಕದ ಗದ್ದಲದಲ್ಲಿ ಆರೋಗ್ಯದ ಲಾಭ ಮರೆಯಾಗುತ್ತದೆ. ಊರ ಹೋರಿ ಒಂದು ಹಸುವಿನಿಂದ ಇನ್ನೊಂದಕ್ಕೆ ಗರ್ಭಕೋಶದ ಸೋಂಕು ಹಬ್ಬಿಸಬಲ್ಲದು. ಕೃತಕ ಗರ್ಭಧಾರಣೆ ಆ ಕೊಂಡಿಯನ್ನು ಕಡಿಯಿತು. ಆದರೆ ಕೇಂದ್ರದ ಒಂದೇ ಹೋರಿಗೆ ರೋಗವಿದ್ದರೆ ಅದು ಸಾವಿರಾರು ಕೊಟ್ಟಿಗೆ ತಲುಪೀತು. ಅಲ್ಲಿನ ಹೋರಿಗಳಿಗೆ ಮೇಲಿಂದ ಮೇಲೆ ರಕ್ತಪರೀಕ್ಷೆ ನಡೆಯುವುದು ಇದಕ್ಕೇ. ಕಂದು ರೋಗ ಮನುಷ್ಯರಿಗೂ ಅಂಟುತ್ತದೆ, ಹೆರಿಗೆ ಮಾಡಿಸಿದ ಕೈಗೆ, ಹಸಿಹಾಲು ಕುಡಿದ ಬಾಯಿಗೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಇದರ ಲಸಿಕೆ ಹಾಕಲಾಗುತ್ತದೆ.

ಗೆಲುವಿಗೆ ಬೆಲೆಯೂ ತೆತ್ತದ್ದುಂಟು. ಮಿಶ್ರತಳಿ ಹಾಲು ಹೆಚ್ಚಿಸಿತು, ಬಿಸಿಲು ತಾಳುವ ಶಕ್ತಿಯನ್ನು ಕಳೆದುಕೊಂಡಿತು. ಕೆಚ್ಚಲು ಬಾವು, ಮತ್ತೆ ಮತ್ತೆ ಬೆದೆಗೆ ಬಂದರೂ ಗಬ್ಬ ನಿಲ್ಲದಿರುವುದು, ಇವು ಹಾಲು ಕರೆಯುವ ಮನೆಗಳ ಕೊರಗಾದವು. ಮೊದಲ ಪ್ರಯೋಗಕ್ಕೆ ಒಡಲು ಕೊಟ್ಟ ಹಳ್ಳಿಕಾರ್ ಹಸುಗಳನ್ನು ಈ ಚರಿತ್ರೆ ಬರೀ ಪಾತ್ರೆಯೆಂಬಂತೆ ನೋಡಿದ್ದು ಅನ್ಯಾಯ. ಆ ತಳಿಯ ಹೋರಿಗಳ ವೀರ್ಯವನ್ನೂ ಅಷ್ಟೇ ಕಾಳಜಿಯಿಂದ ಕಾಪಿಟ್ಟು ಹಳ್ಳಿಗಳಿಗೆ ತಲುಪಿಸಬೇಕು.

ಇಷ್ಟೆಲ್ಲ ಆದ ಮೇಲೂ ಅರ್ಧ ಕೆಲಸ ಕೊಟ್ಟಿಗೆಯವರದ್ದೇ. ಬೆದೆ ಬರುವುದು ಸುಮಾರು 21 ದಿನಕ್ಕೊಮ್ಮೆ, ಇರುವುದು ಒಂದು ದಿನವೂ ಅಲ್ಲ. 1940ರ ದಶಕದಲ್ಲಿ ನೆಬ್ರಾಸ್ಕದ ಟ್ರಿಂಬರ್ಗರ್ ಕಂಡುಕೊಂಡ ಕ್ರಮವನ್ನೇ ಇಂದಿನ ಪಶುವೈದ್ಯರೂ ಹೇಳುತ್ತಾರೆ: ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿ.