ಆಸರೆಯ ಕೈ: ಜೋಡಿ ಯೋಗಾಭ್ಯಾಸದ ಹಿನ್ನೋಟ

ತಾಳವಾಡಿಯ ಬೆಟ್ಟಸಾಲಿನಿಂದ ಉತ್ತರಕ್ಕೆ ಸಾಗಿದರೆ ಚಾಮರಾಜನಗರ. ದಕ್ಷಿಣಕ್ಕೆ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದರೆ ಸತ್ಯಮಂಗಲ. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವು ಮೈಸೂರು ರಾಜ್ಯವನ್ನು ಸೇರಿತು. ತಾಳವಾಡಿಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಗಡಿ ಬದಲಾದರೂ ನಮ್ಮ ಮನೆಮಾತು ಬದಲಾಗಲಿಲ್ಲ. ಈ ನೆಲದ ಗಾಜನೂರಿನ ಡಾ. ರಾಜ್‌ಕುಮಾರ್ ಅವರನ್ನು ನಾವು ನಟರೆಂದೂ ಗಾಯಕರೆಂದೂ ಸ್ಮರಿಸುತ್ತೇವೆ. ಅವರು ಯೋಗಸಾಧಕರೂ ಆಗಿದ್ದರೆಂಬುದು ಅಷ್ಟೇ ಸ್ಮರಣೀಯ. ಕೀರ್ತಿಯ ಶಿಖರದಲ್ಲಿದ್ದ ಅವರು ನಡುವಯಸ್ಸಿನಲ್ಲಿ ಯೋಗಗುರು ಹೊನ್ನಪ್ಪ ನಾಯ್ಕರ್ ಅವರಲ್ಲಿ ಶಿಷ್ಯರಾಗಿ ಆಸನ, ಪ್ರಾಣಾಯಾಮಗಳನ್ನು ಕಲಿತರು. 1983ರ ‘ಕಾಮನಬಿಲ್ಲು’ ಚಿತ್ರದಲ್ಲಿ ನಾಡು ಆ ಸಾಧನೆಯನ್ನು ಕಂಡಿತು.

ಯೋಗವು ಏಕಾಂತದ ಸಾಧನೆಯೆಂಬ ಮಾತು ಹಳೆಯದು. ‘ಹಠಯೋಗ ಪ್ರದೀಪಿಕೆ’ಯು ಸಾಧಕನಿಗೆ ಏಕಾಂತದ ಚಿಕ್ಕ ಕುಟೀರವೊಂದನ್ನು ವಿಧಿಸುತ್ತದೆ. ಆದರೆ ಗುರೂಪದಿಷ್ಟ ಮಾರ್ಗದಿಂದಲೇ ಅಭ್ಯಸಿಸಬೇಕೆಂದು ಅದೇ ಗ್ರಂಥವು ಹೇಳುತ್ತದೆ. ಎಂದರೆ ಒಂಟಿಯಾಗಿ ಮಾಡಬೇಕಾದುದನ್ನೂ ಇನ್ನೊಬ್ಬರ ಜೊತೆಯಲ್ಲಿಯೇ ಕಲಿಯಬೇಕು. ಆ ಇನ್ನೊಬ್ಬರ ಕೈ ಹೇಗಿರಬೇಕು ಎಂಬುದೇ ಜೋಡಿ ಅಭ್ಯಾಸದ ಮುಖ್ಯ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವನ್ನು ಅರಸಲು ನಾವು ದೂರ ಹೋಗಬೇಕಾಗಿಲ್ಲ. ನೆರೆಯ ಮೈಸೂರೇ ಸಾಕು. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳಿವೆ, ಹಗ್ಗವನ್ನು ಆಸರೆಯಾಗಿ ಹಿಡಿದು ಮಾಡುವ ಆಸನಗಳೂ ಅವುಗಳಲ್ಲಿ ಸೇರಿವೆ. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಲಾರಂಭಿಸಿದರು. ಅವರು ‘ಯೋಗಮಕರಂದ’ವನ್ನು 1934ರಲ್ಲಿಯೂ ‘ಯೋಗಾಸನಗಳು’ ಗ್ರಂಥವನ್ನು 1941ರಲ್ಲಿಯೂ ಬರೆದದ್ದು ಕನ್ನಡದಲ್ಲಿ. ಇಂದು ಲೋಕವೆಲ್ಲ ಅಭ್ಯಸಿಸುವ ಆಸನಪದ್ಧತಿಯ ಮೊದಲ ಪಾಠಗಳು ನಮ್ಮ ನುಡಿಯಲ್ಲಿ ಬರಹಕ್ಕಿಳಿದವೆಂಬುದು ಗಡಿನಾಡಿನ ಕನ್ನಡಿಗರಾದ ನಮಗೆ ಸಣ್ಣ ಸಂಗತಿಯಲ್ಲ.

ಆ ಶಾಲೆಯ ಪ್ರದರ್ಶನಗಳು ಪ್ರಸಿದ್ಧವಾದವು. ಕಪೋತಾಸನದಲ್ಲಿ ಹಿಂದಕ್ಕೆ ಬಾಗಿದ ಶಿಷ್ಯನ ದೇಹದ ಮೇಲೆ ಗುರುವು ನಿಂತಿರುವ ಭಾವಚಿತ್ರವನ್ನು ಅನೇಕರು ನೋಡಿರಬಹುದು. 1938ರಲ್ಲಿ ತೆಗೆದ ಮೂಕಿ ಚಿತ್ರದಲ್ಲಿ ಆಚಾರ್ಯರ ಪತ್ನಿ ನಾಮಗಿರಿಯಮ್ಮನವರೂ ಮಕ್ಕಳೂ ಆಸನಗಳನ್ನು ತೋರುತ್ತಾರೆ. ಯೋಗವು ಮನೆಮಂದಿಯೆಲ್ಲ ಕೂಡಿ ಮಾಡಬಹುದಾದುದೆಂಬುದಕ್ಕೆ ಇದೊಂದು ಸಾಕ್ಷಿ.

ಆದರೆ ಚರಿತ್ರೆಯ ಮತ್ತೊಂದು ಪುಟವನ್ನು ಮರೆಮಾಚಬಾರದು. ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು 1934ರಲ್ಲಿ, ರೋಗದಿಂದ ಕೃಶವಾದ ದೇಹದೊಡನೆ, ತಮ್ಮ ಭಾವನವರಾದ ಕೃಷ್ಣಮಾಚಾರ್ಯರ ಮನೆಗೆ ಬಂದರು. ಪ್ರದರ್ಶನವೊಂದರಲ್ಲಿ, ಸಿದ್ಧತೆಯಿಲ್ಲದೆಯೇ ಗುರುವಿನ ಆಜ್ಞೆಯಂತೆ ಹನುಮಾನಾಸನ ಮಾಡಿ ತೊಡೆಯ ಸ್ನಾಯು ಹರಿದು, ಬಹುಕಾಲ ನಡೆಯಲು ಕಷ್ಟಪಟ್ಟುದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆಜ್ಞಾಪಿಸುವವನಿಗೆ ಕಲಿಯುವವನ ನೋವು ಕಾಣದಿದ್ದರೆ ಏನಾಗುತ್ತದೆಂಬುದಕ್ಕೆ ಇದು ನಿದರ್ಶನ. 1937ರಲ್ಲಿ ಪುಣೆಗೆ ತೆರಳಿದ ಅಯ್ಯಂಗಾರರು ಕಾಲಕ್ರಮದಲ್ಲಿ ಹಗ್ಗ, ಪಟ್ಟಿ, ಮರದ ತುಂಡು, ಕುರ್ಚಿಗಳನ್ನು ಸಾಧಕರ ಆಸರೆಗೆ ತಂದರು. ಬಾಗಲಾರದ ವೃದ್ಧರಿಗೂ ರೋಗಿಗಳಿಗೂ ಆ ಆಸರೆಯಿಂದ ಆಸನಗಳು ಎಟುಕಿದವು. ಇತ್ತ ಮೈಸೂರಿನಲ್ಲಿ, ಕೃಷ್ಣಮಾಚಾರ್ಯರ ಮತ್ತೊಬ್ಬ ಶಿಷ್ಯರಾದ ಪಟ್ಟಾಭಿ ಜೋಯಿಸರು, ಪ್ರತಿಯೊಬ್ಬರ ಬಳಿಗೂ ಹೋಗಿ ಕೈಯಿಂದಲೇ ತಿದ್ದುವ ಕ್ರಮವನ್ನು ಮುಂದುವರಿಸಿದರು. ಅದಕ್ಕೆ ಹೊರನಾಡುಗಳಲ್ಲಿ ‘ಮೈಸೂರು ಶೈಲಿ’ ಎಂಬ ಹೆಸರೇ ನಿಂತಿದೆ.

ಈಗ ಜೋಡಿ ಅಭ್ಯಾಸವು ಕ್ರೀಡಾಂಗಣವನ್ನೂ ಪ್ರವೇಶಿಸಿದೆ. 2020ರ ಡಿಸೆಂಬರ್‌ನಲ್ಲಿ ಭಾರತ ಸರ್ಕಾರವು ಯೋಗಾಸನವನ್ನು ಸ್ಪರ್ಧಾತ್ಮಕ ಕ್ರೀಡೆಯೆಂದು ಮಾನ್ಯ ಮಾಡಿತು. ಅದರಲ್ಲಿ ಇಬ್ಬರು ಕೂಡಿ ಮಾಡುವ ಕಲಾತ್ಮಕ ಜೋಡಿ, ಲಯಬದ್ಧ ಜೋಡಿ ಎಂಬ ವಿಭಾಗಗಳಿವೆ. ಬೆಟ್ಟದ ಶಾಲೆಯ ಮಕ್ಕಳಿಗೂ ಇದು ತೆರೆದ ಬಾಗಿಲು. ಇದಕ್ಕೆ ಬೇಕಾದುದು ಒಂದು ಜಮಖಾನ, ಒಬ್ಬ ಜೊತೆಗಾರ, ತಿಳಿದ ಶಿಕ್ಷಕ. ಆದರೆ ಸ್ಪರ್ಧೆಯ ಆತುರದಲ್ಲಿ ಹನುಮಾನಾಸನದ ಆ ಹಳೆಯ ನೋವು ಮರುಕಳಿಸಬಾರದು.

ಆದುದರಿಂದ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಸರಳವಾದುದರಿಂದ ತೊಡಗುವುದು ಲೇಸು. ಇಬ್ಬರು ಎದುರುಬದುರಾಗಿ ಕುಳಿತು, ಅಂಗಾಲಿಗೆ ಅಂಗಾಲು ತಾಗಿಸಿ, ಕೈ ಹಿಡಿದು, ಒಬ್ಬರು ಮುಂದಕ್ಕೆ ಬಾಗುವಾಗ ಮತ್ತೊಬ್ಬರು ಮೆಲ್ಲನೆ ಹಿಂದಕ್ಕೆ ಸರಿಯಬಹುದು. ಅಕ್ಕಪಕ್ಕ ನಿಂತು ಭುಜ ಹಿಡಿದು ವೃಕ್ಷಾಸನ ಮಾಡಬಹುದು. ಜೊತೆಗಾರರ ಉಸಿರು ಬಿಗಿಯಾದರೆ ಅಲ್ಲಿಯೇ ನಿಲ್ಲಬೇಕು; ‘ಸಾಕು’ ಎಂದೊಡನೆ ಕೈ ಸಡಿಲಿಸಬೇಕು. ಬೆನ್ನುನೋವು, ಅಧಿಕ ರಕ್ತದೊತ್ತಡ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ತೊಡಗಬೇಕು.

ಒತ್ತುವ ಕೈಗಿಂತ ಆತುಕೊಳ್ಳುವ ಕೈ ದೊಡ್ಡದೆಂಬುದನ್ನು ಈ ಚರಿತ್ರೆ ನಮಗೆ ಕಲಿಸಿದೆ. ನಾಡೇ ಕೊಂಡಾಡಿದ ಗಾಜನೂರಿನ ಹಿರಿಯರು ಗುರುವಿನ ಮುಂದೆ ವಿದ್ಯಾರ್ಥಿಯಾಗಿ ಕುಳಿತರು. ನಮ್ಮ ಮಕ್ಕಳೂ ಅದೇ ವಿನಯದಿಂದ, ತಮ್ಮ ನುಡಿಯಲ್ಲಿಯೇ, ಒಬ್ಬರಿಗೊಬ್ಬರು ಆಸರೆಯಾಗಿ ಈ ವಿದ್ಯೆಯನ್ನು ಕಲಿಯಲಿ ಎಂಬುದು ನಮ್ಮ ಹಾರೈಕೆ.