ಪರಿವರ್ತನ್
ಕ್ರಿಕೆಟ್ ಆಡುವ ಹುಡುಗರಿಗೆ ಹೆಣ್ಣುಮಕ್ಕಳನ್ನು ಗೌರವದಿಂದ ಕಾಣುವುದನ್ನೂ ಹಿಂಸೆಯಿಂದ ದೂರವಿರುವುದನ್ನೂ ತರಬೇತುದಾರರ ಮೂಲಕ ಕಲಿಸಲು ಮುಂಬಯಿಯಲ್ಲಿ 2010ರ ಸುಮಾರಿಗೆ ಆರಂಭವಾದ ಕಾರ್ಯಕ್ರಮ. ಅಮೆರಿಕದ ‘ಫ್ಯೂಚರ್ಸ್ ವಿದೌಟ್ ವಯಲೆನ್ಸ್’ ಸಂಸ್ಥೆ ರೂಪಿಸಿದ ‘ಕೋಚಿಂಗ್ ಬಾಯ್ಸ್ ಇನ್‌ಟು ಮೆನ್’ ಇದರ ಮೂಲ. ಅದನ್ನು ‘ಇಂಟರ್‌ನ್ಯಾಷನಲ್ ಸೆಂಟರ್ ಫಾರ್ ರಿಸರ್ಚ್ ಆನ್ ವಿಮೆನ್’ ಸಂಸ್ಥೆಯು ಮುಂಬಯಿ ಶಾಲಾ ಕ್ರೀಡಾ ಸಂಘ ಮತ್ತು ಅಪ್ನಾಲಯ ಎಂಬ ಸ್ವಯಂಸೇವಾ ಸಂಸ್ಥೆಯೊಡನೆ ಸೇರಿ ಭಾರತದ ಸನ್ನಿವೇಶಕ್ಕೆ ಹೊಂದಿಸಿತು.

ಗಂಡು ಅಳಬಾರದು, ಸೋಲಬಾರದು, ಅಧಿಕಾರ ಚಲಾಯಿಸಬೇಕು ಎಂಬ ರೂಢಿಯ ನಿರೀಕ್ಷೆಗಳ ಬದಲು ಸಂಯಮ, ಪರರ ನೋವನ್ನು ಅರಿಯುವ ಗುಣ ಮತ್ತು ಹೊಣೆಗಾರಿಕೆಗಳನ್ನು ಪೌರುಷದ ಲಕ್ಷಣಗಳೆಂದು ಕಾಣುವುದನ್ನು ಆರೋಗ್ಯಕರ ಪುರುಷತ್ವ ಎನ್ನುತ್ತಾರೆ; ಹುಡುಗರಲ್ಲಿ ಇದನ್ನು ಬೆಳೆಸುವುದೇ ಈ ಕಾರ್ಯಕ್ರಮದ ಗುರಿ. ಅಭ್ಯಾಸದ ವೇಳೆ ತರಬೇತುದಾರರು ಕಾರ್ಡುಗಳ ನೆರವಿನಿಂದ ನಡೆಸುವ ಕಿರುಚರ್ಚೆಗಳಲ್ಲಿ ಬೈಗುಳ, ಚುಡಾಯಿಸುವಿಕೆ, ಕೋಪದ ನಿಯಂತ್ರಣ ಮುಂತಾದ ವಿಷಯಗಳು ಬರುತ್ತವೆ. ಗೆಳೆಯನೊಬ್ಬ ಹುಡುಗಿಯನ್ನು ಪೀಡಿಸುವಾಗ ಪಕ್ಕದಲ್ಲಿ ನಗುತ್ತ ನಿಲ್ಲದೆ ಅವನನ್ನು ತಡೆಯುವ ಬಗೆಯನ್ನು, ಅಂದರೆ ಪ್ರತ್ಯಕ್ಷದರ್ಶಿಯ ಮಧ್ಯಪ್ರವೇಶವನ್ನು, ಹುಡುಗರು ಕಲಿಯುತ್ತಾರೆ. ಮೂಲ ಕಾರ್ಯಕ್ರಮವನ್ನು ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ಪ್ರದೇಶದ 16 ಪ್ರೌಢಶಾಲೆಗಳಲ್ಲಿ ಪರೀಕ್ಷಿಸಿದಾಗ ಇಂಥ ಮಧ್ಯಪ್ರವೇಶ ಹೆಚ್ಚಿದ್ದು 2012ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿತು. ತರಬೇತುದಾರನ ಮಾತಿಗೆ ಹುಡುಗರು ಕೊಡುವ ಬೆಲೆಯೇ ಈ ಪದ್ಧತಿಯ ಬಲ; ಅವನೇ ಬೈದು ಹೊಡೆದು ಕಲಿಸುವವನಾದರೆ ಪಾಠವೆಲ್ಲ ಟೊಳ್ಳಾಗುವುದರಿಂದ, ಮೊದಲು ಅವನನ್ನು ಸಿದ್ಧಗೊಳಿಸುವುದು ಅತ್ಯಗತ್ಯ.