ಕಟ್ಟುವ ಜಾಣ್ಮೆ, ಹಾರುವ ವಿದ್ಯೆ

ಸ್ವಂತ ವಿಮಾನ ಕಟ್ಟುವ ಹವ್ಯಾಸ ನಮ್ಮ ಮದರಾಸಿಗೆ ಹೊಸದಲ್ಲ. ಮೌಂಟ್ ರೋಡಿನ ಹೋಟೆಲು ಮಾಲೀಕ ಡಿ ಏಂಜೆಲಿಸ್ 1910ರಲ್ಲಿ ತಮ್ಮದೇ ನಕ್ಷೆಯಂತೆ ಸಿಂಪ್ಸನ್ ಕಂಪನಿಯಲ್ಲಿ ವಿಮಾನ ಮಾಡಿಸಿ ಹಾರಿಸಿದರು.

ಇದೇ ಹವ್ಯಾಸ ಮುಂದೆ ಪಾಶ್ಚಾತ್ಯ ದೇಶಗಳಲ್ಲಿ ಹಲವರ ಪ್ರಾಣ ತೆಗೆದ ಬಗೆಯನ್ನು ನಾವು ತಿಳಿಯಬೇಕು. ವೇಗ ಕುಂದಿದಾಗ ವಿಮಾನ ಬೀಳುವುದನ್ನು ತಪ್ಪಿಸಲೆಂದೇ ಸ್ಪೇನಿನ ಹ್ವಾನ್ ದೆ ಲಾ ಸಿಯೆರ್ವಾ ರಚಿಸಿದ ಆಟೊಜೈರೋ 1923ರಲ್ಲಿ ಹಾರಿತು. ಹಾರುವಾಗ ಅದರ ತಲೆಯ ಮೇಲಿನ ರೆಕ್ಕೆಗಳನ್ನು ಎಂಜಿನ್ ತಿರುಗಿಸುವುದಿಲ್ಲ. ಜಾತ್ರೆಯ ಗಿರಗಿಟ್ಲೆಯಂತೆ ಗಾಳಿಯೇ ತಿರುಗಿಸುತ್ತದೆ. ಎಂಜಿನ್ ನಿಂತರೂ ಯಂತ್ರ ಮೆಲ್ಲನೆ ಇಳಿಯಬಲ್ಲದು. 1950ರ ದಶಕದಲ್ಲಿ ಅಮೆರಿಕದ ಈಗೊರ್ ಬೆನ್ಸನ್ ಇದನ್ನೇ ಚಿಕ್ಕದಾಗಿಸಿ, ಮನೆಯಲ್ಲೇ ಜೋಡಿಸಬಹುದಾದ ಜೈರೋಕಾಪ್ಟರಿನ ನಕ್ಷೆಗಳನ್ನು ಮಾರಿದರು.

ಹಾಗಾದರೆ ಸಾವು ಹೇಗೆ? ಆ ಯಂತ್ರಕ್ಕೆ ಒಂದೇ ಆಸನ. ಕಲಿಯುವವನ ಪಕ್ಕದಲ್ಲಿ ಗುರುವಿಲ್ಲ. ಮೂತಿ ಮೇಲೆದ್ದಿತೆಂದು ಗಾಬರಿಯಿಂದ ಕೋಲನ್ನು ಮುಂದಕ್ಕೆ ಒತ್ತಿದರೆ ರೆಕ್ಕೆಗಳಿಗೆ ಗಾಳಿ ತಪ್ಪಿ, ತಿರುಗುವ ವೇಗ ಕುಗ್ಗಿ, ಕ್ಷಣದಲ್ಲಿ ಯಂತ್ರ ಮಗುಚಬಹುದು. ಆಮೇಲೆ ಎಷ್ಟು ಎತ್ತರವಿದ್ದರೂ ಸರಿಪಡಿಸುವುದು ಅಸಾಧ್ಯವೆಂದೇ ಹೇಳಬೇಕು. ಎರಡು ಆಸನದ ಯಂತ್ರಗಳು ಬಂದ ಮೇಲೆ ಗುರುವಿನ ಕೈ ಇನ್ನೊಂದು ಕೋಲಿನ ಮೇಲಿರುವಂತಾಯಿತು.

ಕಟ್ಟುವ ಜಾಣ್ಮೆ ಬೇರೆ, ಹಾರುವ ವಿದ್ಯೆ ಬೇರೆ. ನಮ್ಮ ಮಕ್ಕಳು ಮೊದಲನೆಯದನ್ನು ಪುಸ್ತಕ ನೋಡಿ ಕಲಿಯಲಿ, ಎರಡನೆಯದಕ್ಕೆ ಗುರುವಿರಲಿ.